ಹತ್ತು ವರ್ಷದ ಪೋಲೊ ಜಿಟಿ ಟಿಎಸ್‌ಐ: ಡಿಎಸ್‌ಜಿ ಗೇರ್‌ಬಾಕ್ಸಿನ ಅಪಖ್ಯಾತಿಗೆ ಎಷ್ಟು ಹೆದರಬೇಕು?

ಹೆದ್ದಾರಿಹೋಕ

ನಮಸ್ಕಾರ. ನಾನಿರುವುದು ಮೈಸೂರಿನಲ್ಲಿ, ಕೆಲಸದ ನಿಮಿತ್ತ ಆಗಾಗ ಬೆಂಗಳೂರಿಗೆ ಹೋಗಿಬರಬೇಕಾಗುತ್ತದೆ. ಪರಿಚಿತರೊಬ್ಬರು ತಮ್ಮ 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರನ್ನು ಮಾರುತ್ತಿದ್ದು, ನಾಲ್ಕೂಮುಕ್ಕಾಲು ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಅವರೇ ಮೊದಲ ಮಾಲೀಕರು. ಕಾರು ಎಪ್ಪತ್ತು ಸಾವಿರ ಕಿಲೋಮೀಟರಿನಷ್ಟು ಓಡಿದೆ. 105 ಪಿಎಸ್ ಶಕ್ತಿಯ 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಹೆದ್ದಾರಿಯಲ್ಲಿ ಓಡುವ ರೀತಿಗೆ ನಾನು ಮನಸೋತಿರುವುದು ನಿಜ. ಆದರೆ ಅದರ ಏಳು ಗೇರುಗಳ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆಯ ಹೆಸರೆತ್ತಿದರೆ ಸಾಕು, ಕೇಳಿದವರೆಲ್ಲ 'ಅದರ ಸಹವಾಸವೇ ಬೇಡ' ಎನ್ನುತ್ತಾರೆ. ಊರೊಳಗೆ ಈ ಕಾರನ್ನು ಹೆಚ್ಚಾಗಿ ಓಡಿಸುವವರು ನನ್ನ ಪತ್ನಿ. ಅವರಿಗೆ ಕ್ಲಚ್ ಪೆಡಲಿಲ್ಲದ ಕಾರೇ ಬೇಕು. ಇದೇ ಬೆಲೆಯ ಆಸುಪಾಸಿನಲ್ಲಿ ಸಿವಿಟಿ (ಹಂತಗಳಿಲ್ಲದ ಆಟೊಮ್ಯಾಟಿಕ್) ಗೇರ್‌ಬಾಕ್ಸಿನ ಹಳೆಯ ಹೋಂಡಾ ಜಾಝ್ ಕೂಡ ಸಿಗುತ್ತಿದೆ. ಡಿಎಸ್‌ಜಿಯ ಈ ಕೆಟ್ಟ ಹೆಸರಿನಲ್ಲಿ ಸತ್ಯವೆಷ್ಟು, ಬಾಯಿಂದ ಬಾಯಿಗೆ ಬೆಳೆದದ್ದೆಷ್ಟು ಎಂಬುದನ್ನು ಬಲ್ಲವರು ತಿಳಿಸಬೇಕು.

ಹಲ್ಲುಚಕ್ರ

ಕೆಟ್ಟ ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ಅದು ಇಡೀ ಕಾರಿಗೆ ಸಲ್ಲಬೇಕಾದದ್ದೂ ಅಲ್ಲ. ನೀವು ಹೇಳುತ್ತಿರುವ ಗೇರ್‌ಬಾಕ್ಸಿನ ಸಂಕೇತನಾಮ ಡಿಕ್ಯೂ200. ಇದರಲ್ಲಿ ಎರಡು ಒಣ (ಎಣ್ಣೆಯಲ್ಲಿ ಮುಳುಗಿರದ) ಕ್ಲಚ್‌ಗಳಿದ್ದು, ಒಂದು ಬೆಸ ಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸಮಸಂಖ್ಯೆಯ ಗೇರುಗಳ ಜೊತೆಗೆ ರಿವರ್ಸನ್ನೂ ನೋಡಿಕೊಳ್ಳುತ್ತವೆ. ಒಂದು ಗೇರಿನಲ್ಲಿ ಕಾರು ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ನಿಂತಿರುವುದರಿಂದ ಬದಲಾವಣೆ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ನೀವು ಮನಸೋತಿರುವುದರಲ್ಲಿ ಎಂಜಿನ್ನಿನಷ್ಟೇ ಪಾಲು ಇದಕ್ಕೂ ಇದೆ. ಈ ಎಲ್ಲ ಕೆಲಸವನ್ನು ನಡೆಸುವ, ಹೈಡ್ರಾಲಿಕ್ ಭಾಗವೂ ವಿದ್ಯುನ್ಮಾನ ಭಾಗವೂ ಒಟ್ಟಿಗೇ ಇರುವ ಘಟಕವನ್ನು ಮೆಕಾಟ್ರಾನಿಕ್ ಎನ್ನುತ್ತಾರೆ. ತೊಂದರೆಗಳ ಮೂಲ ಬಹುಪಾಲು ಈ ಘಟಕ, ಉಳಿದಂತೆ ಕ್ಲಚ್‌ಗಳು.

2013ರ ಮಾರ್ಚಿನಲ್ಲಿ ಚೀನಾದಲ್ಲಿ ಕಂಪನಿಯು ಡಿಎಸ್‌ಜಿ ದೋಷಕ್ಕಾಗಿ ಸುಮಾರು 3.84 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ, ಬಿಸಿ ಮತ್ತು ತೇವದ ಹವೆಯಲ್ಲಿ ಸಿಂಥೆಟಿಕ್ ಎಣ್ಣೆಯಿಂದ ವಿದ್ಯುತ್ ತೊಂದರೆ ಉಂಟಾಗಬಹುದೆಂಬ ಕಾರಣಕ್ಕೆ, ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಗೇರ್‌ಬಾಕ್ಸಿಗೆ ಖನಿಜ ಎಣ್ಣೆ ತುಂಬಿಸುವ ಕ್ರಮ ಘೋಷಣೆಯಾಯಿತು. ನಿಮ್ಮ ಕಾರು ಇವೆರಡರ ನಂತರದ್ದು ಎಂಬುದು ಸಣ್ಣ ಸಮಾಧಾನವೇ ಹೊರತು ಖಾತರಿಯಲ್ಲ. ಏಕೆಂದರೆ ಮೆಕಾಟ್ರಾನಿಕ್ಕಿನಲ್ಲಿ ಒತ್ತಡವನ್ನು ಕಾಯ್ದಿಡುವ ಅಕ್ಯುಮುಲೇಟರಿನ ಬುಡ ಬಿರುಕು ಬಿಡುವುದು ಈ ಪೆಟ್ಟಿಗೆಯ ಇನ್ನೊಂದು ಪರಿಚಿತ ದೌರ್ಬಲ್ಯ. ಹಾಗಾದಾಗ ಗೇರಿನ ಸೂಚಕ ಮಿನುಗತೊಡಗುತ್ತದೆ. ಕಾರು ಕೆಲವು ಗೇರುಗಳನ್ನು ಕಳೆದುಕೊಳ್ಳಬಹುದು ಅಥವಾ ನಿಂತೇ ಬಿಡಬಹುದು. ಇಡೀ ಘಟಕವನ್ನು ಬದಲಾಯಿಸಿದರೆ ಖರ್ಚು ಲಕ್ಷ ರೂಪಾಯಿ ದಾಟುತ್ತದೆ. ಬಿಡಿಭಾಗವನ್ನಷ್ಟೇ ಸರಿಪಡಿಸುವ ಸ್ವತಂತ್ರ ಗ್ಯಾರೇಜುಗಳು ಬೆಂಗಳೂರಿನಲ್ಲಿವೆ, ಅಲ್ಲಿ ಹಣ ಗಣನೀಯವಾಗಿ ಉಳಿಯುತ್ತದೆ.

ಇಷ್ಟಾದರೂ ಇದೇ ಕುಟುಂಬದ ಏಳು ಗೇರುಗಳ ಡಿಎಸ್‌ಜಿಯನ್ನು ಕಂಪನಿ ಕೈಬಿಟ್ಟಿಲ್ಲ, 1.5 ಲೀಟರ್ ಎಂಜಿನ್ನಿನ ವರ್ಟಸ್, ಟೈಗುನ್ ಕಾರುಗಳಲ್ಲಿ ಅದು ಬಂದಿದೆ. ಆದರೆ ಪೋಲೊ ಮಟ್ಟಿಗೆ, 2020ರಲ್ಲಿ ಬಿಎಸ್6 ಎಂಬ ಹೊಸ ಮಾಲಿನ್ಯ ನಿಯಮ ಬಂದಾಗ ಡಿಎಸ್‌ಜಿ ಹೋಗಿ ಆರು ಗೇರುಗಳ, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಬಂತು. ಇವೆರಡರಲ್ಲಿ ನಿಮಗೆ ಬೇಕಾದ ಸಾಕ್ಷ್ಯವನ್ನು ಆರಿಸಿಕೊಳ್ಳಬಹುದು!

ಜಯನಗರ ನಾಲ್ಕನೇ ಬ್ಲಾಕು

ಮೇಲಿನವರ ತಾಂತ್ರಿಕ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು, ಊರೊಳಗೆ ಓಡಿಸುವವರು ಪತ್ನಿ ಎಂಬುದು, ಯಾರ ಗಮನಕ್ಕೂ ಬಂದಂತಿಲ್ಲ. ಒಣ ಕ್ಲಚ್ಚಿಗೆ ಹೆದ್ದಾರಿ ಎಂದೂ ಶತ್ರುವಲ್ಲ. ದಟ್ಟಣೆಯಲ್ಲಿ ಅಡಿಯಷ್ಟು ಮುಂದೆ, ಮತ್ತೆ ಬ್ರೇಕು, ಮತ್ತೆ ಅಡಿಯಷ್ಟು ಮುಂದೆ ಎಂದು ತೆವಳುವಾಗ ಕ್ಲಚ್ ಅರ್ಧ ಹಿಡಿದ ಸ್ಥಿತಿಯಲ್ಲೇ ಉಜ್ಜಿಕೊಳ್ಳುತ್ತಿರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಏರಿನಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರಿನಿಂದಲೇ ಕಾರನ್ನು ತಡೆದು ನಿಲ್ಲಿಸುವ ಅಭ್ಯಾಸ ಇನ್ನೂ ಕೆಟ್ಟದ್ದು. ಬ್ರೇಕನ್ನು ಪೂರ್ತಿ ಒತ್ತಿ ನಿಂತು, ಮುಂದೆ ಸಾಕಷ್ಟು ಜಾಗ ಬಿಟ್ಟ ಮೇಲೆ ನಿಸ್ಸಂಕೋಚವಾಗಿ ಹೊರಡುವವರ ಕೈಯಲ್ಲಿ ಈ ಗೇರ್‌ಬಾಕ್ಸು ಬಹುಕಾಲ ಬಾಳುತ್ತದೆ. ಹಿಂದಿನವನು ಹಾರ್ನ್ ಹೊಡೆಯುತ್ತಿರುವಾಗ ಹಾಗೆ ಜಾಗ ಬಿಟ್ಟು ನಿಲ್ಲಲು ನಮ್ಮ ಊರುಗಳಲ್ಲಿ ಸಂತನ ತಾಳ್ಮೆ ಬೇಕು. ಕಾರು ಓಡಿಸುವವರು ಗೇರ್‌ಬಾಕ್ಸಿನ ಮರ್ಜಿ ಕಾಯುತ್ತಿರಬೇಕೆಂದರೆ, ಕ್ಲಚ್ ಪೆಡಲು ಬೇಡವೆಂದು ಆಟೊಮ್ಯಾಟಿಕ್ ಕೊಂಡು ಬಂದ ಭಾಗ್ಯವೇನು? ಜಾಝ್ ಓಡಿಸಲು ಸಪ್ಪೆ ಎನಿಸಬಹುದು. ಆದರೆ ಸಿವಿಟಿ ಈ ತೆವಳುವ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನನ್ನ ಮತ ಅದಕ್ಕೆ.

ಕಾಗದಪತ್ರ

ಎರಡು ಕಾರುಗಳಲ್ಲಿ ಯಾವುದನ್ನು ಕೊಂಡರೂ ಅನ್ವಯಿಸುವ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ 2015ರ ಕಾರಿಗೆ 2030ರವರೆಗೆ ಅವಕಾಶವಿದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಸಾಲವಿದ್ದ ಕಾರಾದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಪಡೆದು, ಆರ್‌ಸಿಯಲ್ಲಿ ಹೈಪೊಥಿಕೇಶನ್ (ಸಾಲ ಕೊಟ್ಟ ಬ್ಯಾಂಕಿನ ನಮೂದು) ತೆಗೆದಿದ್ದಾರೆಯೇ ಎಂದು ನೋಡಿ. ವರ್ಗಾವಣೆಗೆ 29 ಮತ್ತು 30ನೇ ಫಾರಂಗಳು ಬೇಕು. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಿ. ಮಾರುವವರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದಿದ್ದುದಕ್ಕೆ ಸಿಗುವ ರಿಯಾಯಿತಿ) ಅವರೊಂದಿಗೇ ಹೋಗುತ್ತದೆ, ಆದ್ದರಿಂದ ವಿಮೆಯ ಕಂತು ಹೆಚ್ಚುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲು. ಮೈಲೇಜು ತುಸು ಇಳಿಯಬಹುದು, ಇಂಧನದ ರಬ್ಬರ್ ಕೊಳವೆಗಳನ್ನು ಆಗಾಗ ಪರೀಕ್ಷಿಸುತ್ತಿರಬೇಕು.

ಹೆದ್ದಾರಿಹೋಕ

ಎಲ್ಲರಿಗೂ ಧನ್ಯವಾದ. ಪತ್ನಿಯೊಂದಿಗೆ ಚರ್ಚಿಸಿದೆ, 'ಮೈಸೂರಿನ ದಟ್ಟಣೆಯನ್ನು ಬೆಂಗಳೂರಿನದಕ್ಕೆ ಹೋಲಿಸಬೇಡಿ, ನಾನು ಜಾಗ ಬಿಟ್ಟೇ ನಿಲ್ಲುತ್ತೇನೆ' ಎಂದರು. ಹೀಗಾಗಿ ಪೋಲೊ ಇನ್ನೂ ಕಣದಲ್ಲಿದೆ. ಒಂದೇ ಅಡಚಣೆಯೆಂದರೆ, ಮೊದಲ ಕೆಲವು ವರ್ಷಗಳ ಸರ್ವಿಸ್ ದಾಖಲೆ ಸರಿಯಾಗಿದ್ದರೂ, ಆಮೇಲೆ ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದ ಕೆಲಸಗಳಿಗೆ ಬಿಲ್ಲುಗಳಿಲ್ಲ. ಕಂಪ್ಯೂಟರ್ ಸ್ಕ್ಯಾನಿಗೆ ಮಾಲೀಕರು ಒಪ್ಪಿದ್ದಾರೆ. ಬಿಲ್ಲಿಲ್ಲದ ಕಾರಣಕ್ಕೇ ಇದನ್ನು ಬಿಟ್ಟುಬಿಡಬೇಕೇ?

ಹಲ್ಲುಚಕ್ರ

ಬಿಡಬೇಕಿಲ್ಲ, ಆದರೆ ಬಿಲ್ಲಿಲ್ಲದ ವರ್ಷಗಳಲ್ಲಿ ಏನೂ ಮಾಡಿಸಿಲ್ಲವೆಂದೇ ತಿಳಿದು ಬೆಲೆ ಕಟ್ಟಿ. ಗೇರ್‌ಬಾಕ್ಸಿನ ದುರಸ್ತಿಗೆಂದು ಒಂದು ಲಕ್ಷವನ್ನು ಮೊದಲೇ ಬದಿಗಿಟ್ಟು, ಅದನ್ನೂ ಸೇರಿಸಿದ ಮೊತ್ತ ನಿಮಗೆ ಒಪ್ಪಿಗೆಯಾದರೆ ಮಾತ್ರ ಮುಂದುವರಿಯಿರಿ. ನಾಲ್ಕೂಮುಕ್ಕಾಲು ನನ್ನ ದೃಷ್ಟಿಯಲ್ಲಿ ಹೆಚ್ಚಾಯಿತು. ನಾಲ್ಕರ ಹತ್ತಿರ ಬಂದರೆ ಮಾತಾಡಬಹುದು.

ಸ್ಕ್ಯಾನನ್ನು ತಣ್ಣಗಿನ ಕಾರಿನಲ್ಲಿ ಮಾಡಿಸಬೇಡಿ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ನಿಮ್ಮೆದುರಿಗೇ ಚಾಲೂ ಮಾಡಿಸಿ, ಚಾಮುಂಡಿ ಬೆಟ್ಟದ ರಸ್ತೆ ಹತ್ತಿಸಿ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ, ರಿವರ್ಸಿನಲ್ಲೂ ಹತ್ತಿಸಿ ನೋಡಿ. ಬಳಿಕ ಮಧ್ಯಾಹ್ನದ ಬಿಸಿಲಿನಲ್ಲಿ ದೇವರಾಜ ಅರಸು ರಸ್ತೆಯ ದಟ್ಟಣೆಯಲ್ಲಿ ಅರ್ಧ ಗಂಟೆ ತೆವಳಿಸಿ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ನಡುಕ ಬರುತ್ತದೆಯೇ, ಬ್ರೇಕು ಬಿಟ್ಟಾಗ ಎಳೆತ ತಡವಾಗುತ್ತದೆಯೇ ಎಂಬುದು ಆಗಲೇ ತಿಳಿಯುವುದು. ಅಲ್ಲಿಂದ ನೇರವಾಗಿ ಗ್ಯಾರೇಜಿಗೆ ಹೋಗಿ, ಈಗಿನ ದೋಷಸಂಕೇತಗಳ ಜೊತೆಗೆ ಇತ್ತೀಚೆಗೆ ಯಾರಾದರೂ ಅವನ್ನು ಅಳಿಸಿದ ಗುರುತೇನಾದರೂ ಕಾಣುತ್ತದೆಯೇ ಎಂದು ಕೇಳಿ. ಮುಂಗಡವನ್ನು ಆ ವರದಿ ಕೈಗೆ ಬಂದ ಮೇಲೆ ಕೊಡಿ.