ಸಹಾಯ ಬೇಕು: ಅವ್ವನ ಒಸಡು ಮತ್ತು ಮಿಶ್ರಿ

ಎಲ್ಲರಿಗೂ ನಮಸ್ಕಾರ. ನಾವು ಅಥಣಿ ತಾಲ್ಲೂಕಿನವರು. ಅರವತ್ತು ದಾಟಿದ ನನ್ನ ಅವ್ವನಿಗೆ ಸಕ್ಕರೆ ಕಾಯಿಲೆ ಇದೆ. ಈಚೆಗೆ ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತದೆ, ಕಡಕ್ ರೊಟ್ಟಿ ಕಡಿಯಲು ಆಗುತ್ತಿಲ್ಲ. ಹಲ್ಲಿನ ಬುಡದ ಪಾಚಿ ಗಟ್ಟಿಯಾಗಿದೆ, ಅದು ಬ್ರಷ್‌ನಿಂದ ಹೋಗುವುದಿಲ್ಲ, ಸ್ಕೇಲಿಂಗ್ (ಉಪಕರಣದಿಂದ ಪಾಚಿ ತೆಗೆಸುವುದು) ಮಾಡಿಸಲೇಬೇಕು ಎಂದು ದಂತವೈದ್ಯರು ಹೇಳಿದ್ದಾರೆ. ಒಸಡಿನ ರೋಗ ಬೆಳೆದರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟವಂತೆ.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂದು ಓಣಿಯ ಹೆಂಗಸರು ಅವ್ವನನ್ನು ಹೆದರಿಸಿ ಕೂರಿಸಿದ್ದಾರೆ. ಪಾಚಿ ಹೋದಾಗ ಅದು ಮುಚ್ಚಿದ್ದ ಸಂದಿ ಕಾಣುತ್ತದೆ, ಅಷ್ಟೇ. ಆದರೆ ನನ್ನ ಮಾತಿಗಿಂತ ಓಣಿಯ ಮಾತಿಗೆ ತೂಕ ಹೆಚ್ಚು! ಮಾಡಿಸಿಕೊಂಡ ಹಿರಿಯರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಬರೆಯಿರಿ, ಓದಿ ಹೇಳುತ್ತೇನೆ.

ದೊಡ್ಡ ತಲೆನೋವು ಮಿಶ್ರಿ. ಹುರಿದ ತಂಬಾಕಿನ ಆ ಕರಿ ಪುಡಿಯನ್ನು ಒಸಡಿಗೆ ತಿಕ್ಕದೆ ಆಕೆಯ ಬೆಳಗು ಶುರುವಾಗುವುದಿಲ್ಲ. ಅದು ಹಲ್ಲಿಗೆ ಔಷಧ ಎಂದೇ ಆಕೆಯ ವಾದ. ತಂಬಾಕು ಒಸಡಿನ ರಕ್ತಸ್ರಾವವನ್ನು ಕಡಿಮೆ ಮಾಡಿ ರೋಗವನ್ನು ಮರೆಮಾಚಬಲ್ಲದು ಎಂದರೂ ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಮಿಶ್ರಿ ಬಿಟ್ಟಿದ್ದರೆ, ಹೇಗೆ ಬಿಟ್ಟರು? ಒಮ್ಮೆಲೇ ಬಿಟ್ಟರೇ, ಸ್ವಲ್ಪ ಸ್ವಲ್ಪವಾಗಿಯೇ?

ಇನ್ನೊಂದು ವಿಷಯ. ಅವ್ವನ ಬೆರಳುಗಳು ಬಿಗಿಯುತ್ತವೆ. ದಪ್ಪ ಹಿಡಿಕೆಯ, ಮೃದು ಎಳೆಗಳ ಬ್ರಷ್ ಮತ್ತು ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಷ್ ಅಥಣಿ ಅಥವಾ ಚಿಕ್ಕೋಡಿಯಲ್ಲಿ ಸಿಗುತ್ತವೆಯೇ, ಬೆಳಗಾವಿಗೇ ಹೋಗಬೇಕೇ?

ಉಪ್ಪು, ಲವಂಗ, ಇದ್ದಿಲಿನ ಸಲಹೆಗಳು ಸದ್ಯಕ್ಕೆ ಬೇಡ. ಅವುಗಳನ್ನು ಓಣಿಯವರೇ ಧಾರಾಳವಾಗಿ ಕೊಡುತ್ತಿದ್ದಾರೆ.