‘ಫ್ಲೋಟಿಂಗ್’ ಪಿನ್ನನ್ನು ‘ಅತಂತ್ರ’ ಎನ್ನಬಹುದೇ?

ಮಾನ್ಯರೇ,

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ ನೆರೆಹೊರೆಯ ಏಳೆಂಟು ಕನ್ನಡದ ಮಕ್ಕಳಿಗೆ ಆರ್ಡುಯಿನೊ ಎಂಬ, ಆದೇಶ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಹಲಗೆಯ ಪ್ರಯೋಗಗಳನ್ನು ಕನ್ನಡದಲ್ಲೇ ಹೇಳಿಕೊಡುತ್ತೇನೆ. ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ನಾಲ್ಕು ಒತ್ತುಗುಂಡಿಗಳನ್ನು ಹಲಗೆಯ 2ರಿಂದ 5ರವರೆಗಿನ ಪಿನ್ನುಗಳಿಗೆ (ತಂತಿ ಸಿಕ್ಕಿಸುವ ತುದಿಗಳಿಗೆ) ಜೋಡಿಸಿ, ಯಾವುದನ್ನು ಒತ್ತಲಾಗಿದೆ ಎಂದು ಓದಿಸುವ ಪಾಠದಲ್ಲಿ ‘ಫ್ಲೋಟಿಂಗ್’ ಎಂಬ ಒಂದು ಪದಕ್ಕೆ ಕನ್ನಡ ಸಿಗದೆ ತಡವರಿಸಿದೆ.

ಗುಂಡಿಯ ಒಂದು ಕಾಲನ್ನು ಪಿನ್ನಿಗೂ ಇನ್ನೊಂದನ್ನು ಗ್ರೌಂಡಿಗೂ (ಸೊನ್ನೆ ವೋಲ್ಟಿನ ತುದಿಗೂ) ಕೊಟ್ಟು ಸುಮ್ಮನಾದರೆ, ಒತ್ತದಿರುವಾಗ ಆ ಪಿನ್ನಿಗೆ ಯಾವ ಆಸರೆಯೂ ಇರುವುದಿಲ್ಲ. ಮನೆಯ ವಿದ್ಯುತ್ ತಂತಿಗಳ 50 ಹರ್ಟ್ಸ್ ಗದ್ದಲವನ್ನು ಹಿಡಿದುಕೊಂಡು ಅದು ಒಮ್ಮೆ 0, ಒಮ್ಮೆ 1 ಎನ್ನುತ್ತದೆ. ಹುಡುಗಿಯೊಬ್ಬಳು ಗುಂಡಿಯನ್ನು ಮುಟ್ಟದೆ ತಂತಿಯ ಬಳಿ ಬೆರಳು ತಂದಳಷ್ಟೇ, ಪರದೆಯ ಮೇಲೆ ಮೂರನೆಯ ಗುಂಡಿಯ ಅಂಕಿ ಕುಣಿಯತೊಡಗಿತು. ‘ಇದು ತೇಲುವ ಪಿನ್’ ಎಂದೆ. ‘ತೇಲಿದರೆ ಒಳ್ಳೆಯದಲ್ಲವೇ?’ ಎಂದಳು.

ಅವಳ ಮಾತು ಸರಿ. ಕನ್ನಡದಲ್ಲಿ ತೇಲುವುದೆಂದರೆ ಮುಳುಗದೆ ಉಳಿಯುವುದು. ಅದರಲ್ಲಿ ನೆಮ್ಮದಿಯ ಧ್ವನಿಯಿದೆ. ‘ತ್ರಿಶಂಕು’ವೂ ಒಗ್ಗುವುದಿಲ್ಲ, ಏಕೆಂದರೆ ಅವನು ನಡುವೆ ಸಿಕ್ಕಿಕೊಂಡರೂ ಒಂದೇ ಕಡೆ ನಿಂತಿದ್ದಾನೆ, ನಮ್ಮ ಪಿನ್ನು ನಿಲ್ಲುವುದೇ ಇಲ್ಲ. ಪತ್ರಿಕೆಗಳ ‘ಅತಂತ್ರ ವಿಧಾನಸಭೆ’ ನೆನಪಾದದ್ದು ಆಗ: ಯಾವ ಕಡೆಗೂ ಬಹುಮತವಿಲ್ಲ, ಸಣ್ಣ ತಳ್ಳು ಸಿಕ್ಕರೂ ಅತ್ತಲೋ ಇತ್ತಲೋ ವಾಲುತ್ತದೆ. ಮನೆಯ ಹಿರಿಯರು ತೀರಿಕೊಂಡು ‘ಕುಟುಂಬ ಅತಂತ್ರವಾಯಿತು’ ಎನ್ನುವಲ್ಲಿಯೂ ಆಸರೆ ತಪ್ಪಿದ ಅರ್ಥವೇ ಇದೆ. ‘ಅತಂತ್ರ ಪಿನ್’ ನನಗೆ ಹಿಡಿಸಿದೆ. ಆದರೆ ತಾಂತ್ರಿಕ ಬರಹದಲ್ಲಿ ಅದನ್ನು ‘ತಂತ್ರಜ್ಞಾನವಿಲ್ಲದ’ ಎಂದು ಓದುವವರಿದ್ದಾರೆಯೇ ಎಂಬ ಅಳುಕೂ ಇದೆ.

ಇಂಥ ಪಿನ್ನನ್ನು 1ರ ಕಡೆಗೆ ಎಳೆದು ನಿಲ್ಲಿಸುವ ಪುಲ್-ಅಪ್ ರೆಸಿಸ್ಟರಿಗೆ ‘ಮೇಲ್ಸೆಳೆ ರೋಧಕ’ ಎನ್ನುತ್ತಿದ್ದೇನೆ. ಊನೊ ಎಂಬ ಮಾದರಿಯ ಆರ್ಡುಯಿನೊ ಹಲಗೆಯ ಎಟಿಮೆಗಾ328ಪಿ ಚಿಪ್ಪಿನೊಳಗೇ 20ರಿಂದ 50 ಕಿಲೋಓಮಿನ ಇಂಥ ರೋಧಕವಿದ್ದು, ಪ್ರತಿ ಪಿನ್ನಿಗೂ ಒಂದೊಂದು ಸಾಲಿನ ಆದೇಶ ಬರೆದರೆ ನಾಲ್ಕೂ ಗುಂಡಿಗಳು ಒತ್ತದಿರುವಾಗ 1ರಲ್ಲಿ ನಿಲ್ಲುತ್ತವೆ, ಒತ್ತಿದಾಗ 0 ಆಗುತ್ತವೆ. ಆದರೆ ಈ ರೋಧಕ ಬಲವಾಗಿ ಎಳೆಯುವುದಿಲ್ಲ, ಬೇರಾರೂ ಎಳೆಯದಿದ್ದಾಗ ಮಾತ್ರ ಮೇಲೆ ಹಿಡಿದಿರುತ್ತದೆ. ಆದ್ದರಿಂದ ‘ಆಸರೆ ರೋಧಕ’ ಮೇಲೋ ಎಂಬ ಅನುಮಾನ. ಗುಂಡಿ ಒತ್ತಿದ ಕ್ಷಣ ಸಂಪರ್ಕ ಹಲವು ಸಲ ಕೂಡಿ ಬಿಡುವ ಬೌನ್ಸಿಗೆ ‘ಪುಟಿತ’ ಎಂದಾಗ ಯಾರೂ ತಕರಾರು ತೆಗೆಯಲಿಲ್ಲ.

ಇನ್ನೊಂದು ಕೋರಿಕೆ: ಎಲ್ಲಿಗೂ ಜೋಡಿಸದೆ ಬಿಟ್ಟ ತಂತಿಗೆ ನಿಮ್ಮೂರಿನ ಪಂಪ್‌ಸೆಟ್ ರಿಪೇರಿಯವರು, ಮೋಟಾರು ಸುತ್ತುವವರು ಬಾಯಿಮಾತಿನಲ್ಲಿ ಏನೆನ್ನುತ್ತಾರೆ?