ಪದಚರ್ಚೆ: ಎಂಜಿನ್ ಕಾಯುವುದು, ಕುದಿಯುವುದು, ಉಕ್ಕುವುದು, ಜೊತೆಗೆ ತೊಡಕಿನ ಒಂದು ‘ಮುಂದೆ’

ನಮಸ್ಕಾರ.

ಬಿಚ್ಚಿ ಮತ್ತೆ ಕಟ್ಟಿದ ಕಾರ್ ಎಂಜಿನ್ ವಿಪರೀತ ಬಿಸಿಯಾದರೆ ತಪ್ಪು ಎಲ್ಲಾಗಿದೆ ಎಂದು ಹುಡುಕುವುದು ಹೇಗೆ? ಕೆಲಸ ಕಲಿಯುವವರಿಗಾಗಿ ಇದರ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ರೇಡಿಯೇಟರ್, ಗ್ಯಾಸ್ಕೆಟ್, ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆಯುವ ಕವಾಟ) ಹಾಗೇ ಇರಲಿ, ಅವಕ್ಕೆ ಹೊಸ ಪದ ಹೊಸೆಯುವ ಆಸೆ ನನಗಿಲ್ಲ. ನಾನು ಕೇಳಬೇಕಿರುವುದು ಸಾದಾ ಕ್ರಿಯಾಪದಗಳ ಬಗ್ಗೆ.

‘ಓವರ್‌ಹೀಟ್’ಗೆ ಬರಹದಲ್ಲಿ ‘ಅತಿತಾಪ’, ‘ಮಿತಿಮೀರಿದ ಉಷ್ಣತೆ’ ಎಂದೆಲ್ಲ ಕಾಣುತ್ತದೆ. ಗ್ಯಾರೇಜಿನಲ್ಲಿ ‘ಗಾಡಿ ಹೀಟ್ ಆಗ್ತಿದೆ’ ಅಂದರೆ ಮುಗಿಯಿತು. ಎರಡೂ ನನಗೆ ಸಾಲುವುದಿಲ್ಲ. ಕಣ್ಣಿಗೆ ಕಂಡದ್ದೇನು ಅನ್ನುವುದನ್ನು ಎರಡೂ ಹೇಳುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಆಗಲೇ ಮೂರು ಬೇರೆಬೇರೆ ಮಾತುಗಳಿವೆ: ಕಾಯು, ಕುದಿ, ಉಕ್ಕು. ಈ ಮೂರನ್ನೂ ಬಿಡಿಬಿಡಿಯಾಗಿ ಇಟ್ಟುಕೊಂಡರೆ ಅರ್ಧ ಪತ್ತೆ ಅಲ್ಲೇ ಆಗುತ್ತದೆ ಎಂಬುದು ನನ್ನ ವಾದ.

ಎಂಜಿನ್ ಕಾದಿದೆ ಅಂದರೆ ಮೀಟರಿನ ಮುಳ್ಳು ಮೇಲೆ ಹೋಗಿದೆ, ಅಷ್ಟೇ. ನೀರು ಕುದಿದಿರಲೇಬೇಕು ಅಂತಿಲ್ಲ. ರೇಡಿಯೇಟರ್ ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುವ ತನಕ ಕುದಿಯುವುದಿಲ್ಲ, ಕೂಲೆಂಟ್ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಬೆರೆಸಿದ್ದರೆ ಇನ್ನೂ ಮೇಲೆ. ಅದೇ ಮುಚ್ಚಳದ ರಬ್ಬರ್ ಸತ್ತಿದ್ದರೆ 100ರ ಆಸುಪಾಸಿನಲ್ಲೇ ಕುದಿ ಶುರು, ಮುಳ್ಳು ಮಾತ್ರ ಅಂಥ ಗಾಬರಿ ತೋರಿಸುವುದಿಲ್ಲ. ಕಾದೂ ಕುದಿಯದ ಎಂಜಿನ್ ಒಂದು, ಕಾಯದೇ ಕುದಿಯುವ ಎಂಜಿನ್ ಇನ್ನೊಂದು. ಎರಡಕ್ಕೂ ‘ಹೀಟ್ ಆಗ್ತಿದೆ’ ಅಂದುಬಿಟ್ಟರೆ ಮುಚ್ಚಳ ಬದಲಿಸಬೇಕಾದಲ್ಲಿ ಹೆಡ್ಡನ್ನೇ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಬಿಚ್ಚುತ್ತಾರೆ.

ಮೂರನೆಯದೇ ನನಗೆ ಬಹಳ ಮುಖ್ಯ. ಹೊಳೆ ಉಕ್ಕುವುದಕ್ಕೆ ಬಿಸಿ ಬೇಕಿಲ್ಲವಲ್ಲ, ಹಾಗೆಯೇ ಇಲ್ಲೂ. ತಣ್ಣಗಿನ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ (ಕಾದಾಗ ಖಂಡಿತ ತೆಗೆಯಬೇಡಿ). ನೀರು ಇನ್ನೂ ತಣ್ಣಗಿರುವಾಗಲೇ ಗುಳ್ಳೆಗಳು ನಿಲ್ಲದೆ ಏಳುತ್ತಾ ನೀರು ಬಾಯಿಂದ ಆಚೆ ಉಕ್ಕಿದರೆ, ಮುಚ್ಚಳ ಹಾಕಿದಾಗ ಹೋಸ್ ಪೈಪ್ ಬೇಗನೆ ಕಲ್ಲಿನಂತೆ ಗಟ್ಟಿಯಾದರೆ, ಸಿಲಿಂಡರಿನೊಳಗೆ ಉರಿದ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ (ಸೋರದಂತೆ ಹೆಡ್ಡಿನ ಕೆಳಗೆ ಇಡುವ ತೆಳು ಹಾಳೆ) ಸರಿಯಾಗಿ ಕೂತಿಲ್ಲ, ಇಲ್ಲವೇ ಹೆಡ್ ಸೊಟ್ಟಗಿದೆ ಅಥವಾ ಬಿರುಕು ಬಿಟ್ಟಿದೆ. ಹಾಗಾಗಿ ಕೈಪಿಡಿಯಲ್ಲಿ ‘ಕುದಿಯದೆ ಉಕ್ಕುತ್ತಿದೆಯೇ?’ ಎಂದೇ ಕೇಳಿದ್ದೇನೆ. ‘ಉಕ್ಕು’ ಲೋಹದ ಹೆಸರೂ ಹೌದು, ಆದರೆ ‘ಉಕ್ಕುತ್ತಿದೆ’ ಅಂದಾಗ ಯಾರೂ ಕಬ್ಬಿಣದ ಅಂಗಡಿ ನೆನೆಯಲಾರರು.

‘ಕಾಯು’ಗೆ ಮಾತ್ರ ಒಂದು ಸಣ್ಣ ಕಾಟ ಇದೆ. ‘ಥರ್ಮೋಸ್ಟಾಟ್ ತೆರೆಯುವಷ್ಟು ಎಂಜಿನ್ ಕಾಯುವವರೆಗೆ ಕಾಯಿರಿ’ ಅಂತ ಬರೆದು ನಾನೇ ನಕ್ಕುಬಿಟ್ಟೆ. ‘ಬಿಸಿಯೇರುವ ತನಕ ತಡೆಯಿರಿ’ ಅಂದರೆ ಸರಿಹೋದೀತು.

ಇನ್ನು ನಿಜವಾದ ತೊಡಕು. ಡಿಸ್ಟ್ರಿಬ್ಯೂಟರ್ (ಒಂದೊಂದೇ ಸಿಲಿಂಡರಿಗೆ ಕಿಡಿ ಹಂಚುವ ಭಾಗ) ಇರುವ ಹಳೆಯ ಎಂಜಿನ್ನನ್ನು ಮತ್ತೆ ಕಟ್ಟಿದ ಮೇಲೆ ಅದು ಕಾಯುವುದಕ್ಕೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ತಪ್ಪಿರುವುದೂ ಒಂದು ಕಾರಣ. ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು, ಕ್ರ್ಯಾಂಕ್ ಶಾಫ್ಟ್ ತಿರುಗುವ ಲೆಕ್ಕದಲ್ಲಿ 10 ಡಿಗ್ರಿ ಮೊದಲು ಅನ್ನೋಣ. ತಡವಾದರೆ ಪಿಸ್ಟನ್ ಕೆಳಗಿಳಿಯುವಾಗಲೂ ಉರಿ ಮುಂದುವರಿಯುತ್ತದೆ. ಆ ಶಾಖ ತಳ್ಳುವ ಕೆಲಸಕ್ಕೆ ಒದಗದೆ ಸಿಲಿಂಡರ್ ಗೋಡೆಗೆ, ಎಕ್ಸಾಸ್ಟ್ ದಾರಿಗೆ, ಅಲ್ಲಿಂದ ನೀರಿಗೆ ಹೋಗುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು ‘ಟೈಮಿಂಗ್ ಹಿಂದಿದೆ, ಸ್ವಲ್ಪ ಮುಂದೆ ಇಡು’ ಅನ್ನುತ್ತಾರೆ. ಅವರ ಬಾಯಲ್ಲಿ ಮುಂದೆ ಅಂದರೆ ಬೇಗ. ಉಳಿದೆಲ್ಲರ ಕನ್ನಡದಲ್ಲಿ ‘ಸಭೆ ಮುಂದಕ್ಕೆ ಹೋಯಿತು’ ಅಂದರೆ ತಡವಾಯಿತು, ‘ಮುಂದೂಡು’ ಅಂದರೆ ಸಾಕ್ಷಾತ್ ತಡಮಾಡು! ಹೊಸಬ ಓದಿ ‘ಕಿಡಿಯ ಸಮಯ ಮುಂದಕ್ಕೆ ಹಾಕಿ’ ಎಂಬುದನ್ನು ತಡಮಾಡು ಎಂದೇ ತಿಳಿದರೆ ಮೊದಲೇ ಕಾಯುತ್ತಿದ್ದ ಎಂಜಿನ್ ಇನ್ನಷ್ಟು ಕಾಯುತ್ತದೆ. ಆದ್ದರಿಂದ ಮುಂದೆ ಹಿಂದೆ ಎರಡನ್ನೂ ಕಿತ್ತುಹಾಕಿ ‘ಕಿಡಿ ಬೇಗ ಹಾರಿಸಿ’, ‘ಕಿಡಿ ತಡವಾಗಿದೆ’ ಎಂದು ಬರೆದಿದ್ದೇನೆ. ಬೇಗ ಹಾರಬೇಕಾದರೆ ಡಿಸ್ಟ್ರಿಬ್ಯೂಟರನ್ನು ಅದರೊಳಗಿನ ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಹೊರಳಿಸಬೇಕು ಎಂದೂ ಸೇರಿಸಿದ್ದೇನೆ, ಅಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ.

ಅದೇ ‘ಮುಂದೆ’ ಇನ್ನೊಂದು ಕಡೆಯೂ ಕಾಡುತ್ತದೆ. ಕೆಲವು ಹೆಡ್ ಗ್ಯಾಸ್ಕೆಟ್‌ಗಳ ಮೇಲೆ ‘ಫ್ರಂಟ್’ ಎಂದು ಅಚ್ಚು ಹಾಕಿರುತ್ತಾರೆ. ಫೋರ್ಡ್‌ನ 302 ವಿ-8 ಎಂಜಿನ್ನಿನಲ್ಲಿ ಅದನ್ನು ಹಿಂದುಮುಂದಾಗಿ ಕೂರಿಸಿದರೆ ಹಿಂಬದಿಯ ನೀರಿನ ತೂತುಗಳು ಮುಚ್ಚಿಹೋಗಿ, ನೀರು ಬ್ಲಾಕಿನ (ಸಿಲಿಂಡರುಗಳಿರುವ ಎಂಜಿನ್ ಒಡಲಿನ) ಹಿಂದಿನ ತನಕ ಹೋಗದೆಯೇ ಅಡ್ಡದಾರಿ ಹಿಡಿದು ವಾಪಸ್ ಬರುತ್ತದೆ. ಪಂಪು, ರೇಡಿಯೇಟರ್ ಎಲ್ಲ ಹೊಸದು ಹಾಕಿದರೂ ಪ್ರಯೋಜನವಿಲ್ಲ. ಆದರೆ ಯಾವುದರ ಮುಂದೆ? ಎಂಜಿನ್ ಅಡ್ಡಲಾಗಿ ಕೂತ ಕಾರಿನಲ್ಲಿ ಎಂಜಿನ್ನಿನ ಮುಂಭಾಗ ಕಾರಿನ ಪಕ್ಕಕ್ಕೆ ಮುಖಮಾಡಿರುತ್ತದೆ. ಇಲ್ಲಿ ‘ಬೆಲ್ಟಿನ ಕಡೆ’, ‘ಫ್ಲೈವೀಲ್ ಕಡೆ’ (ಗೇರ್‌ಬಾಕ್ಸ್ ಇರುವ ತುದಿ) ಅನ್ನುವುದೇ ಮೇಲು.

ಏರ್ ಲಾಕ್‌ಗೆ ‘ಗಾಳಿ ಹಿಡಿದಿದೆ’ ಅನ್ನಬಹುದಿತ್ತು. ಆದರೆ ಮುಂದಿನ ಸಾಲು ‘ಗಾಳಿ ಬಿಡಿಸಿ’ ಆಗುತ್ತದೆ, ಓದುಗ ಸ್ಪ್ಯಾನರ್ ಇಟ್ಟು ಮಂತ್ರವಾದಿಯನ್ನು ಹುಡುಕಬೇಕಾದೀತು. ‘ಗಾಳಿ ತೆಗೆಯಿರಿ’ ಎಂದರೆ ಟೈರು ನೆನಪಾಗುತ್ತದೆ. ‘ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ’ ಎಂದು ಬಿಡಿಸಿ ಬರೆದೆ. ಹೊಸದಾಗಿ ನೀರು ತುಂಬಿದ ಎಂಜಿನ್ನಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ: ಎಂಜಿನ್ ಕಾದಿದ್ದರೂ ಹೀಟರ್ ತಣ್ಣನೆಯ ಗಾಳಿ ಊದುತ್ತದೆ. ಸೆನ್ಸರ್ ನೀರಿನ ಬದಲು ಆವಿಯಲ್ಲಿ ಇದ್ದರೆ ಮುಳ್ಳು ಸುಳ್ಳೂ ಹೇಳುತ್ತದೆ. ಎಂಜಿನ್ನಿನಲ್ಲಿ ಗಾಳಿ ಹೋಗುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ, ಕಾರಿನ ಮೂತಿ ಎತ್ತಿ, ಹೀಟರ್ ಪೂರ್ತಿ ತೆರೆದಿಟ್ಟು ತುಂಬಬೇಕು.

ಕೊನೆಗೆ ‘ಬಿಗಿ’. ‘ಹೊಸ ಕೆಲಸ ಅಲ್ವಾ, ಬಿಗಿ ಇದೆ, ಓಡ್ತಾ ಓಡ್ತಾ ಸರಿಹೋಗತ್ತೆ’ ಅನ್ನುವ ಮಾತು ನನಗೆ ಎಷ್ಟು ಮಾತ್ರಕ್ಕೂ ಹಿಡಿಸದು. ಪಿಸ್ಟನ್ನಿನ ಹೊಸ ರಿಂಗು ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಉಜ್ಜಿ ಸ್ವಲ್ಪ ಹೆಚ್ಚು ಶಾಖ ಹುಟ್ಟುವುದು ನಿಜ, ಆದರೆ ಸರಿಯಾದ ಕೂಲಿಂಗ್ ಅದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ, ಮುಳ್ಳು ಕೆಂಪಿಗೆ ಹೋಗುವುದಿಲ್ಲ. ಸಂದು ನಿಜಕ್ಕೂ ಕಡಿಮೆಯಾಗಿದ್ದರೆ ಕಾದ ಎಂಜಿನ್ನನ್ನು ಸ್ಟಾರ್ಟರ್ ತಿರುಗಿಸಲು ಒದ್ದಾಡುತ್ತದೆ, ಕಡೆಗೆ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ. ಓಡಿಸಿ ಸರಿಹೋಗುವ ಬಿಗಿ ಅದಲ್ಲ. ಹಾಗಾಗಿ ಬೋಲ್ಟಿಗೆ ಮಾತ್ರ ‘ಬಿಗಿ’ ಉಳಿಸಿ, ಭಾಗಗಳ ನಡುವಿನದಕ್ಕೆ ‘ಸಂದು ಕಡಿಮೆ’ ಎಂದಿದ್ದೇನೆ.

ಇನ್ನೂ ಸಿಗದ ಪದ ಒಂದಿದೆ. ರಿಂಗು ಬೋರಿಗೆ ಉಜ್ಜಿ ಉಜ್ಜಿ ಹೊಂದಿಕೊಳ್ಳುವುದಕ್ಕೆ ‘ಸೆಟ್ ಆಗೋದು’ ಎಂದೇ ಎಲ್ಲರೂ ಅನ್ನುತ್ತಾರೆ. ‘ಕೂರುವುದು’ ಎಂದರೆ ಗ್ಯಾಸ್ಕೆಟ್ ಕೂರುವುದರ ಜೊತೆ ಕಲಸಿಹೋಗುತ್ತದೆ. ‘ಪಳಗುವುದು’ ನನಗಿಷ್ಟ, ಆದರೆ ಲೋಹಕ್ಕೆ ಒಪ್ಪುತ್ತದೆಯೇ? ನಿಮ್ಮಲ್ಲಿ ಲೇತ್, ಬೋರಿಂಗ್ ಕೆಲಸದವರ ನಡುವೆ ಬೆಳೆದವರು ಯಾರಾದರೂ ಇದ್ದರೆ, ಅಲ್ಲಿ ಏನನ್ನುತ್ತಿದ್ದರು ಎಂದು ತಿಳಿಸಿ.